ವಾರಕ್ಕೊಮ್ಮೆ ಓದುವ ಪಟ್ಟಿ

ಅಮೆರಿಕದ ಪಾದ್ರಿ ಜೊನಾಥನ್ ಎಡ್ವರ್ಡ್ಸ್ 1722-23ರಲ್ಲಿ, ಇನ್ನೂ ಇಪ್ಪತ್ತು ತುಂಬುವ ಮೊದಲೇ, ತಮ್ಮ ಬಾಳಿಗೆಂದು ತೀರ್ಮಾನಗಳನ್ನು ಬರೆಯತೊಡಗಿದರು. ಕೊನೆಗೆ ಅವು 70 ಆದವು. ಒಂದು ಗಳಿಗೆಯನ್ನೂ ಹಾಳು ಮಾಡಬಾರದು, ಊಟದಲ್ಲಿ ಹಿತಮಿತ ಇರಬೇಕು, ಹೀಗೆ. ನನಗೆ ತುಂಬಾ ಹಿಡಿಸಿದ್ದು ಪಟ್ಟಿ ಶುರುವಾಗುವ ರೀತಿ. ದೇವರ ಸಹಾಯ ಇಲ್ಲದೆ ನನ್ನಿಂದ ಏನೂ ಆಗದು ಅಂತ ಮೊದಲು ಒಪ್ಪಿಕೊಳ್ಳುತ್ತಾರೆ. ಆಮೇಲೆ, ಇದನ್ನು ವಾರಕ್ಕೊಮ್ಮೆ ಓದಬೇಕು ಅಂತ ತಮಗೆ ತಾವೇ ಹೇಳಿಕೊಳ್ಳುತ್ತಾರೆ. ಹೊಸ ವರ್ಷದ ರಾತ್ರಿ ಆರಾಧನೆಯಲ್ಲಿ ನಾವೂ ಎಷ್ಟೋ ತೀರ್ಮಾನ ಮಾಡುತ್ತೇವೆ, ಅಲ್ವಾ? ವಾರವಾರ ತೆಗೆದು ನೋಡುವವರು ಕಮ್ಮಿ.

ಎಪ್ಪತ್ತು ನನಗೆ ಜಾಸ್ತಿ. ಸದ್ಯ ಒಂದನ್ನೇ ಹಿಡಿದಿದ್ದೇನೆ: ಎದುರಿಗಿಲ್ಲದವರ ಬಗ್ಗೆ ಕೆಟ್ಟ ಮಾತು ಆಡುವುದಿಲ್ಲ. ಭಾನುವಾರ ಆರಾಧನೆ ಮುಗಿದು, ಚರ್ಚ್ ಅಂಗಳದಲ್ಲಿ ಚಪ್ಪಲಿ ಮೆಟ್ಟಿಕೊಳ್ಳುವಾಗಲೇ ಯಾರದೋ ಮನೆ ಸುದ್ದಿ ಶುರುವಾಗುತ್ತದೆ. ಆಗ ಸುಮ್ನೆ ನಿಲ್ಲುವುದು ನಿಜಕ್ಕೂ ಕಷ್ಟ. ಮನಸ್ಸಲ್ಲೇ ಒಂದು ಪುಟ್ಟ ಪ್ರಾರ್ಥನೆ ಮಾಡುತ್ತೇನೆ, ಬಲ ಸಿಗುತ್ತದೆ.

ಈಸ್ಟರ್‌ವರೆಗೂ ಇದೊಂದೇ. ನೀವು ಯಾವುದನ್ನು ಹಿಡಿದಿದ್ದೀರಿ? ತಿಳಿಸಿ, ಪ್ರಾರ್ಥನೆಯಲ್ಲಿ ನೆನೆಯುತ್ತೇನೆ.