ಲೇಕ್ ತ್ರೀ ಕರಡಿ, ದರೋಜಿ ಕರಡಿ

(ಕಾಡಿನೊಳಗೆ ನೆಟ್‌ವರ್ಕ್ ಇರಲಿಲ್ಲ. ನೋಟ್‌ಬುಕ್ಕಿನಲ್ಲಿ ಗೀಚಿದ್ದನ್ನು ಮನೆಗೆ ಬಂದು ಟೈಪ್ ಮಾಡಿ ಹಾಕುತ್ತಿದ್ದೇನೆ.)

ಆಗಸ್ಟ್ 1, 2025, ಶುಕ್ರವಾರ. ಈಲಿ, ಮಿನ್ನೆಸೋಟ

ಅಮೃತಾಂಜನದ ಡಬ್ಬಿ ಬಿಟ್ಟುಕೊಡಲು ಅಪ್ಪ ಒಪ್ಪುತ್ತಿಲ್ಲ.

ನಾಳೆ ಬೌಂಡರಿ ವಾಟರ್ಸ್ ಕಾಡಿನೊಳಗೆ ಹೊರಡುತ್ತೇವೆ. ವಾಸನೆಗೆ ಕರಡಿ ಬರುತ್ತದೆ ಅಂತ ಅಲ್ಲಿ ವಾಸನೆ ಇರುವ ಯಾವ ಸಾಮಾನೂ ಟೆಂಟಿನೊಳಗೆ ಇರುವಂತಿಲ್ಲ. ತಿಂಡಿ ಮಾತ್ರ ಅಲ್ಲ. ಟೂತ್‌ಪೇಸ್ಟ್, ಸೋಪು, ಸನ್‌ಸ್ಕ್ರೀನ್, ಕೊಬ್ಬರಿ ಎಣ್ಣೆ, ಕಸದ ಚೀಲ, ಎಲ್ಲ ರಾತ್ರಿ ಕರಡಿ ಡಬ್ಬದೊಳಗೆ, ಅಂದರೆ ಕರಡಿಗೆ ತೆರೆಯಲಾಗದ ಡಬ್ಬದೊಳಗೆ, ಟೆಂಟಿನಿಂದ ದೂರ. "ನಡುರಾತ್ರ್ಯಾಗ ತಲಿನೋವು ಬಂದ್ರ ಆ ಕತ್ತಲಾಗ ನೂರಡಿ ನಡಕೊಂಡು ಹೋಗಿ ಹಚ್ಕೊಂಡು ಬರ್ಲೇನು?" ಅಂತ ಅಪ್ಪ. "ನಾನು ತಂದುಕೊಡ್ತೀನಿ ಮಾವ" ಅಂತ ನಮ್ಮವರು ಹೇಳಿದ ಮೇಲೆ ಡಬ್ಬಿ ಕೈಬಿಟ್ಟರು.

ಬೌಂಡರಿ ವಾಟರ್ಸ್ ಅಂದರೆ ಕೆನಡಾ ಗಡಿಗೆ ಅಂಟಿಕೊಂಡ ಕಾಡು. ಒಳಗೆ ಸಾವಿರಕ್ಕೂ ಜಾಸ್ತಿ ಕೆರೆಗಳು. ಒಂದು ಕೆರೆ ಮುಗಿದಲ್ಲಿ ದೋಣಿಯನ್ನು ತಲೆ ಮೇಲೆ ಹೊತ್ತು ಮುಂದಿನ ಕೆರೆಗೆ ನಡೆಯಬೇಕು. ಈ ನಡಿಗೆಗೆ ಪೋರ್ಟೇಜ್ ಅನ್ನುತ್ತಾರೆ. ಅದರ ಉದ್ದ ಅಳೆಯೋದು ರಾಡ್ ಲೆಕ್ಕದಲ್ಲಿ. ಒಂದು ರಾಡ್ ಅಂದರೆ ಹದಿನಾರೂವರೆ ಅಡಿ, ಹೆಚ್ಚುಕಡಿಮೆ ಒಂದು ಕನೂ ದೋಣಿಯಷ್ಟು. ಗುಂಪಿನಲ್ಲಿ ಒಂಬತ್ತು ಜನಕ್ಕಿಂತ ಜಾಸ್ತಿ ಇರುವಂತಿಲ್ಲ. ಟಿನ್ ಮತ್ತು ಗಾಜಿನ ಬಾಟಲಿಯಲ್ಲಿ ಊಟದ ಸಾಮಾನು ಒಯ್ಯುವಂತಿಲ್ಲ, ಹಾಗಾಗಿ ಉಪ್ಪಿನಕಾಯಿ ಪ್ಲಾಸ್ಟಿಕ್ ಡಬ್ಬಿಗೆ ಇಳಿಯಿತು.

ಊಟದ ಚೀಲವನ್ನು ಕಾಪಾಡಲು ಎರಡು ದಾರಿ. ಒಂದು, ನೆಲದಿಂದ 12 ಅಡಿ ಎತ್ತರಕ್ಕೆ, ಮರದ ಕಾಂಡದಿಂದ 6 ಅಡಿ ದೂರಕ್ಕೆ ಹಗ್ಗದಲ್ಲಿ ನೇತುಹಾಕೋದು. ಇನ್ನೊಂದು, ಕರಡಿಗೆ ತೆರೆಯಲಾಗದ ಗಟ್ಟಿ ಡಬ್ಬ. ಈಗ ಇದರಲ್ಲಿ ಯಾವುದಾದರೂ ಒಂದು ಕಡ್ಡಾಯ. ನಾವು ಹೋಗುವ ಲೇಕ್ ತ್ರೀ ಕಡೆ ನೇತುಹಾಕೋಣ ಅಂದರೂ ಮರ ಸಿಗೋದು ಕಷ್ಟ. 2011ರ ಆಗಸ್ಟಿನಲ್ಲಿ ಅಲ್ಲಿ ಸಿಡಿಲು ಬಡಿದು ಬೆಂಕಿ ಹತ್ತಿತ್ತು. ಕೆಲವು ವಾರ ಸಣ್ಣಗೆ ಉರಿಯುತ್ತಿದ್ದದ್ದು ಸೆಪ್ಟೆಂಬರಿನಲ್ಲಿ ಗಾಳಿ ಎದ್ದ ಒಂದೇ ದಿನ ಮೈಲಿಗಟ್ಟಲೆ ಓಡಿತು. ಪಗಾಮಿ ಕ್ರೀಕ್ ಬೆಂಕಿ ಅಂತ ಅದರ ಹೆಸರು. ಸುಟ್ಟದ್ದು 92 ಸಾವಿರ ಎಕರೆಗೂ ಮೇಲೆ. ಅಲ್ಲೀಗ ಎದ್ದಿರುವ ಜ್ಯಾಕ್ ಪೈನ್ ಇನ್ನೂ ಎಳೆಯದು, ಐದು ಜನರ ಊಟದ ಭಾರ ತಡೆಯುವ ಕೊಂಬೆ ಎಲ್ಲಿಂದ ಬರಬೇಕು. ಅದಕ್ಕೇ ಡಬ್ಬ. ಮಕ್ಕಳಿಗೆ ಅದೇ ಸ್ಟೂಲು.

ಆಗಸ್ಟ್ 2, ಶನಿವಾರ. ಲೇಕ್ ತ್ರೀ

ಫರ್ನ್‌ಬರ್ಗ್ ರಸ್ತೆ ಮುಗಿಯುವಲ್ಲಿ ಲೇಕ್ ಒನ್ ಶುರು. ಎರಡು ದೋಣಿ. ನಡುವೆ 30 ರಾಡಿನದೊಂದು, 40 ರಾಡಿನದೊಂದು ಪೋರ್ಟೇಜ್. ಸೊಳ್ಳೆ ಬಗ್ಗೆ ಬರೆಯೋದಿಲ್ಲ, ಬರೆದರೆ ಮುಗಿಯೋದಿಲ್ಲ.

ಕರಡಿ ಕಂಡದ್ದು ಮಧ್ಯಾಹ್ನ. ದಕ್ಷಿಣ ದಡದಲ್ಲಿ ಸುಟ್ಟ ಮರಗಳ ಬೂದು ಕಂಬಗಳು, ಅವುಗಳ ಕೆಳಗೆ ಬಂಡೆ ತುಂಬ ಬ್ಲೂಬೆರಿ ಪೊದೆ. ಬೆಂಕಿ ಬಿದ್ದ ಜಾಗದಲ್ಲಿ ಬಿಸಿಲು ನೆಲ ಮುಟ್ಟುತ್ತದೆ, ಅದಕ್ಕೇ ಬ್ಲೂಬೆರಿ ಇಷ್ಟು ಹುಲುಸು. ಮೊದಲು ನೋಡಿದವಳು ಮಗಳು. "ಅಮ್ಮಾ, ಆ ಕಲ್ಲು ಅಲ್ಲಾಡ್ತಿದೆ" ಅಂದಳು. ಕಲ್ಲಿನ ಆಚೆ ಇನ್ನೆರಡು ಚಿಕ್ಕ ಕಲ್ಲು.

ತಾಯಿ ಮತ್ತು ಎರಡು ಮರಿ. ಹುಟ್ಟು ಹಾಕೋದು ನಿಲ್ಲಿಸಿ ದೋಣಿಗಳನ್ನು ಅಲ್ಲೇ ನಿಲ್ಲಿಸಿಕೊಂಡೆವು. ದಡ ಸಾಕಷ್ಟು ದೂರ ಇತ್ತು, ಬೈನಾಕ್ಯುಲರ್ ಇತ್ತು. ಅವು ತಿನ್ನುವ ರೀತಿ ನಾನು ಅಂದುಕೊಂಡಂತೆ ಇರಲಿಲ್ಲ. ಪಂಜದಿಂದ ಕಿತ್ತು ಬಾಯಿಗೆ ತುಂಬಿಕೊಳ್ಳುತ್ತದೆ ಅಂದುಕೊಂಡಿದ್ದೆ. ಹಾಗಲ್ಲ. ಪಂಜದಿಂದ ಪೊದೆಯನ್ನು ಒತ್ತಿ ಹಿಡಿದು, ತುಟಿ ಮುಂದೆ ಚಾಚಿ, ಹಣ್ಣನ್ನಷ್ಟೇ ಬಿಡಿಸಿಕೊಳ್ಳುತ್ತಿತ್ತು. ಎಲೆ ಅಲ್ಲೇ ಉಳಿಯುತ್ತಿತ್ತು. ಒಂದು ಪೊದೆ ಮುಗಿದರೆ ಎರಡು ಹೆಜ್ಜೆ, ಇನ್ನೊಂದು ಪೊದೆ. ತಲೆ ಎತ್ತಿ ನಮ್ಮ ಕಡೆ ಒಮ್ಮೆ ಮೂಗು ಆಡಿಸಿತು, ಮತ್ತೆ ತಲೆ ತಗ್ಗಿಸಿತು. ಈ ಕಾಲದಲ್ಲಿ ಒಂದು ಕರಡಿ ದಿನಕ್ಕೆ 15-20 ಸಾವಿರ ಕ್ಯಾಲೊರಿವರೆಗೆ ತಿನ್ನುತ್ತದಂತೆ. ಅಕ್ಟೋಬರ್ ಹೊತ್ತಿಗೆ ಗುಹೆ ಸೇರಿದರೆ ಏಪ್ರಿಲ್‌ವರೆಗೆ ಊಟ ಇಲ್ಲ, ನೀರಿಲ್ಲ. ಅದಕ್ಕೆ ನಮ್ಮನ್ನು ನೋಡಲು ಪುರುಸೊತ್ತು ಎಲ್ಲಿದೆ?

ಅಪ್ಪ ಮಾತ್ರ ದೋಣಿಯ ಅಂಚನ್ನು ಎರಡೂ ಕೈಯಲ್ಲಿ ಬಿಗಿಹಿಡಿದಿದ್ದರು. ಅವರ ಊರು ಕಂಪ್ಲಿ ಕಡೆ. ದರೋಜಿ ಕರಡಿಧಾಮ ಆಗಿದ್ದು 1994ರಲ್ಲಿ. ಕರಡಿಗಳು ಅದಕ್ಕೂ ಎಷ್ಟೋ ಮೊದಲಿಂದ ಅವರ ಶೇಂಗಾ ಹೊಲಕ್ಕೆ ಬರುತ್ತಿದ್ದವು. ಅಪ್ಪನ ಸೋದರಮಾವನ ಕೆನ್ನೆ ಮೇಲೆ ಕರಡಿ ಪರಚಿದ ಗುರುತು ಇತ್ತು, ಚಿಕ್ಕವಳಿದ್ದಾಗ ನಾನೇ ನೋಡಿದ್ದೆ. ನಸುಕಿನಲ್ಲಿ ಚೆಂಬು ಹಿಡಿದು ಹೋದವರು ಪೊದೆಯ ಹಿಂದೆ ಅದರ ಮುಂದೆಯೇ ನಿಂತುಬಿಟ್ಟರಂತೆ. ನಮ್ಮ ಕಡೆಯ ಕರಡಿ ಗಾಬರಿಯಾದರೆ ಮೇಲೆ ಬೀಳುತ್ತದೆ. ಹುಲಿ, ಚಿರತೆ ಇರುವ ನಾಡಿನಲ್ಲಿ ಬಾಳಿದ ಪ್ರಾಣಿ, ಎದುರು ನಿಲ್ಲೋದೇ ಅದರ ದಾರಿ. ಇಲ್ಲಿಯ ಕಪ್ಪು ಕರಡಿ ಗಾಬರಿಯಾದರೆ ಮರ ಹತ್ತುತ್ತದೆ. ಮರಿ ಇರುವ ತಾಯಿಯೂ ಸಾಮಾನ್ಯವಾಗಿ ಮರಿಗಳನ್ನು ಮರಕ್ಕೆ ಅಟ್ಟಿ ತಾನು ಬುಡದಲ್ಲಿ ಬುಸುಗುಟ್ಟುತ್ತದೆ, ಅಷ್ಟೆ.

"ಮರಿಗಳು ಅಮ್ಮನ ಬೆನ್ನ ಮೇಲೆ ಯಾಕೆ ಕೂತಿಲ್ಲ ತಾತಾ?" ಅಂತ ಮಗಳ ಪ್ರಶ್ನೆ. ತಾತನ ಕಥೆಗಳಲ್ಲಿ ಮರಿ ಯಾವಾಗಲೂ ಬೆನ್ನ ಮೇಲೆ ಇರುತ್ತದೆ, ಅದು ನಿಜವೂ ಹೌದು. "ಇವು ನಡಕೊಂಡು ಹೋಗೋ ಜಾತಿ ಅವ್ವಿ" ಅಂದರು ಅಪ್ಪ. ಅಂಚು ಬಿಡಲಿಲ್ಲ.

ಆಗಸ್ಟ್ 3, ಭಾನುವಾರ. ಅದೇ ಜಾಗ

ಇವತ್ತು ಕ್ಯಾಂಪಿಗೇ ಬಂತು.

ಸಂಜೆ ಅವಲಕ್ಕಿ ಒಗ್ಗರಣೆ ಹಾಕಿದ್ದೆ. ಸಾಸಿವೆ, ಕರಿಬೇವು, ಇಂಗು. ಟೆಂಟಿನಿಂದ ದೂರ, ನೀರಿನ ಹತ್ತಿರದ ಬಂಡೆ ಮೇಲೆ ಒಲೆ. ಇಂಗಿನ ವಾಸನೆ ಎಲ್ಲಿಯವರೆಗೆ ಹೋಗುತ್ತದೆ ಅಂತ ಅಡುಗೆ ಮಾಡಿದವರಿಗೆ ಗೊತ್ತು. ಕರಡಿಯ ಮೂಗು ನಾಯಿಯದಕ್ಕಿಂತ ಚುರುಕು. ಹಾಗಂತ ಒಗ್ಗರಣೆ ಇಲ್ಲದ ಅವಲಕ್ಕಿ ತಿನ್ನಬೇಕಾ? ಇಲ್ಲಿ ಬರುವವರು ನೀರು ಕುದಿಸಿ ಸುರಿದುಕೊಳ್ಳುವ ಪ್ಯಾಕೆಟ್ ಊಟ ತರುತ್ತಾರೆ. ನಮಗೆ ಅದು ಆಗಲಿಲ್ಲ. ಉಂಡ ತಟ್ಟೆಗಳನ್ನು ಕೆರೆಯಿಂದ ದೂರ ಒಯ್ದು ತೊಳೆದೆವು. ಕೆಳಗೆ ಬಿದ್ದ ಅವಲಕ್ಕಿಯನ್ನು ಮಕ್ಕಳು ಒಂದೊಂದಾಗಿ ಹೆಕ್ಕಿದರು. ಎಲ್ಲ ಡಬ್ಬಕ್ಕೆ ಹಾಕಿ ಮುಚ್ಚಳ ತಿರುಗಿಸಿ, ಟೆಂಟಿನಿಂದ ದೂರ ಒಂದು ಬಂಡೆಯ ಸಂದಿಯಲ್ಲಿ ಸಿಕ್ಕಿಸಿ ಬಂದೆವು.

ಇನ್ನೂ ಬೆಳಕಿತ್ತು. ಇಲ್ಲಿ ಆಗಸ್ಟಿನಲ್ಲಿ ಎಂಟೂವರೆಯಾದರೂ ಕತ್ತಲಾಗೋದಿಲ್ಲ. ಬಂಡೆಯ ಕಡೆಯಿಂದ ಗಡಗಡ ಅಂತ ಸದ್ದು. ನೋಡಿದರೆ ಡಬ್ಬ ಹೊರಗೆ ಬಂದಿದೆ, ಅದರ ಪಕ್ಕ ಒಂದು ಕರಡಿ. ದೊಡ್ಡದಲ್ಲ. ಕಾಲು ಉದ್ದ, ಕಿವಿ ತಲೆಗೆ ಹೋಲಿಸಿದರೆ ದೊಡ್ಡದು. ಇದು ಪ್ರಾಯಕ್ಕೆ ಬರುತ್ತಿರುವ ಗಂಡು ಇರಬಹುದು ಅಂತ ನಮ್ಮವರು ಪಿಸುಗುಟ್ಟಿದರು. ತಾಯಿ ಮರಿಗಳನ್ನು ಒಂದೂವರೆ ವರ್ಷಕ್ಕೆ ಬಿಟ್ಟುಬಿಡುತ್ತಾಳೆ, ಆಮೇಲೆ ಜಾಗ ಹುಡುಕಿಕೊಂಡು ಅಲೆಯೋದು ಹೆಚ್ಚಾಗಿ ಈ ಹುಡುಗರೇ.

ಡಬ್ಬದ ಮೇಲೆ ಎರಡೂ ಮುಂಗಾಲು ಇಟ್ಟು ಒತ್ತಿತು. ಹಲ್ಲಿಗೆ ಸಿಗಲಿಲ್ಲ, ಜಾರಿತು. ಮತ್ತೆ ಉರುಳಿಸಿತು. ಮುಚ್ಚಳದ ಸುತ್ತ ನೆಕ್ಕಿತು. ಆ ಮುಚ್ಚಳ ತೆರೆಯಲು ನನಗೇ ಎರಡು ಕೈ ಮತ್ತು ಒಂದಿಷ್ಟು ಬೈಗುಳ ಬೇಕು.

ಏನು ಮಾಡಬೇಕು ಅಂತ ಮೊದಲೇ ಮಾತಾಡಿಕೊಂಡಿದ್ದೆವು. ಓಡಬಾರದು. ಎಲ್ಲರೂ ಒಟ್ಟಿಗೆ ನಿಂತು ದೊಡ್ಡದಾಗಿ ಕಾಣಬೇಕು, ಗದ್ದಲ ಮಾಡಬೇಕು, ಅದಕ್ಕೆ ಓಡಿಹೋಗಲು ಒಂದು ದಾರಿ ಬಿಡಬೇಕು. ಮಕ್ಕಳನ್ನು ನಡುವೆ ನಿಲ್ಲಿಸಿಕೊಂಡು ನಾನು ದೋಣಿಯ ಹುಟ್ಟಿನಿಂದ ಕಲ್ಲು ಕುಟ್ಟಿದೆ. ನಮ್ಮವರು ಇಂಗ್ಲಿಷಿನಲ್ಲಿ ಕೂಗಿದರು. ಕರಡಿ ತಲೆ ಎತ್ತಿ ನೋಡಿತು, ಅಷ್ಟೆ. ಆಮೇಲೆ ಅಪ್ಪ ಮುಂದೆ ಬಂದರು. ಕೈಯಲ್ಲಿ ಎರಡು ಸ್ಟೀಲ್ ತಟ್ಟೆ. ಹೊಲದಲ್ಲಿ ಹಂದಿ ಓಡಿಸುವಾಗ ಕೂಗುವ ಆ ಕೂಗು ನಾನು ಕೇಳಿ ಎಷ್ಟು ವರ್ಷವಾಗಿತ್ತೋ. "ಹೋಯ್! ಹೋಗಲೇ, ಹೋಗಲೇ ಮಗನ!" ತಟ್ಟೆ ಢಣಢಣ.

ಕರಡಿ ಫೂ ಅಂತ ಗಾಳಿ ಬಿಟ್ಟಿತು. ಹಲ್ಲು ಕಟಕಟ ಅನ್ನಿಸಿತು. ಅಪ್ಪ ಒಂದು ಕ್ಷಣ ಹಿಂದೆ ಸರಿದರು. ಅದು ಬೆದರಿಕೆಯಲ್ಲ, ಅದಕ್ಕೇ ಭಯವಾಗಿರುವ ಗುರುತು ಅಂತ ಈಲಿಯ ಕರಡಿ ಕೇಂದ್ರದಲ್ಲಿ ಓದಿದ್ದು ನೆನಪಾಗಿ "ಹೆದರಿದೆ ಅಪ್ಪಾ, ಇನ್ನೂ ಬಡೀರಿ" ಅಂದೆ. ಇನ್ನೊಂದು ಸುತ್ತು ತಟ್ಟೆ ಬಡಿದಾಗ ಅದು ತಿರುಗಿ ಎಳೆ ಪೈನ್ ಮರಗಳ ನಡುವೆ ನುಗ್ಗಿಹೋಯಿತು. ಬಹಳ ಹೊತ್ತು ಕೊಂಬೆ ಮುರಿಯುವ ಸದ್ದು.

ಚಿಕ್ಕವನಿಗೆ ಅಳು ಬಂದದ್ದು ಅದು ಹೋದ ಮೇಲೆ. "ಅದಕ್ಕೆ ಹಸಿವಾಗಿತ್ತು, ಸ್ವಲ್ಪ ಅವಲಕ್ಕಿ ಕೊಡಬಹುದಿತ್ತಲ್ವಾ?" ಇದಕ್ಕೆ ಏನು ಹೇಳಲಿ? ಕೊಟ್ಟರೆ ನಾಳೆ ಮತ್ತೆ ಬರುತ್ತೆ, ನಾಡಿದ್ದು ಇಲ್ಲಿ ಬಂದಿಳಿಯುವವರ ಟೆಂಟು ಹರಿಯುತ್ತೆ, ಕೊನೆಗೆ ಅದನ್ನು ಗುಂಡಿಟ್ಟು ಕೊಲ್ಲಬೇಕಾಗಬಹುದು ಅಂತ ಆರು ವರ್ಷದ ಹುಡುಗನಿಗೆ ಎಷ್ಟು ಹೇಳೋದು? "ಅದಕ್ಕೆ ಬ್ಲೂಬೆರಿ ಇದೆ" ಅಂದೆ. ಅವನಿಗೆ ಸಮಾಧಾನ ಆಗಲಿಲ್ಲ.

ರಾತ್ರಿ ಅಪ್ಪನಿಗೆ ತಲೆನೋವು ಬಂತು. ಅಮೃತಾಂಜನ ತರೋದು ಬೇಡ ಅಂತ ತಾವೇ ಹೇಳಿದರು.

ಆಗಸ್ಟ್ 4, ಸೋಮವಾರ. ವಾಪಸ್

ಈಲಿಗೆ ಬಂದವರೇ ರೇಂಜರ್ ಆಫೀಸಿಗೆ ಹೋಗಿ ಕರಡಿ ಬಂದದ್ದನ್ನು ಹೇಳಿದೆವು. ಕೌಂಟರಿನಲ್ಲಿದ್ದ ಹೆಂಗಸು ಕೇಳಿದ ಮೊದಲ ಪ್ರಶ್ನೆ, "ತಿನ್ನೋದಕ್ಕೆ ಏನಾದರೂ ಸಿಕ್ಕಿತಾ?" ಯಾರಿಗಾದರೂ ಪೆಟ್ಟಾಯಿತಾ ಅಂತ ಕೇಳಿದ್ದು ಆಮೇಲೆ. ಕಸದ ಚೀಲ? ಟೂತ್‌ಪೇಸ್ಟ್? ಏನೂ ಇಲ್ಲ ಅಂದೆವು. ಕೆರೆಯ ಹೆಸರು, ಕ್ಯಾಂಪ್ ಇದ್ದ ದಡ ಬರೆದುಕೊಂಡರು. ಅಪ್ಪ ಡಬ್ಬವನ್ನೇ ಹೊತ್ತು ತಂದು ಹಲ್ಲಿನ ಗೀರು ತೋರಿಸಿದರು.

ಕಾರಿನಲ್ಲಿ ಅಪ್ಪ ಮತ್ತು ನಮ್ಮವರ ನಡುವೆ ವಾದ ಶುರುವಾಯಿತು. ದರೋಜಿಯಲ್ಲಿ ಅರಣ್ಯ ಇಲಾಖೆಯವರೇ ಬಂಡೆ ಮೇಲೆ ಬೆಲ್ಲದ ಪಾಕ ಬಳಿಯುತ್ತಾರೆ, ಕರಡಿಗಳು ಗುಡ್ಡದಿಂದ ಇಳಿದು ಬಂದು ನೆಕ್ಕುತ್ತವೆ, ಜನ ವಾಚ್ ಟವರಿನಲ್ಲಿ ನಿಂತು ನೋಡುತ್ತಾರೆ. ಇಲ್ಲಿ ಒಂದು ಕಾಳು ಅವಲಕ್ಕಿ ಬಿದ್ದರೂ ತಪ್ಪು. "ಅಲ್ಲಿ ಗುಡ್ಡದಾಗ ಉಂಡ್ರ ನಮ್ಮ ಹೊಲಕ್ಕ ಬರಂಗಿಲ್ಲ" ಅನ್ನೋದು ಅಪ್ಪನ ವಾದ. "ರುಚಿ ಹತ್ತಿದ್ರೆ ಹೊಲಕ್ಕೂ ಬರುತ್ತೆ ಮಾವ" ಅಂತ ಇವರು. ನಾನು ಇವರ ಕಡೆ ಇದ್ದೆ, ಆದರೆ ಹೊಲ ಕಾಯುತ್ತಾ ರಾತ್ರಿ ಕಳೆದವರು ನಮ್ಮಿಬ್ಬರಲ್ಲಿ ಯಾರೂ ಇಲ್ಲವಲ್ಲ ಅಂತ ಬಾಯಿ ಹಾಕಲಿಲ್ಲ. ದಾರಿಯಲ್ಲಿ ಕ್ಲೋಕೆ ಊರು ದಾಟುವವರೆಗೂ ವಾದ ನಡೆಯಿತು. ಹಿಂಕ್ಲಿಯಲ್ಲಿ ಕಾಫಿಗೆ ಇಳಿದಾಗ ಅಪ್ಪ ಕಂಪ್ಲಿಗೆ, ಚಿಕ್ಕಪ್ಪನಿಗೆ ಫೋನ್ ಹಚ್ಚಿದರು. ಅಲ್ಲಿ ಆಗ ನಡುರಾತ್ರಿ.