ಶಾಶ್ವತ ಎಂದು ಬರೆದ ಕರಾರು

ಶಿರಸಿ ಸೀಮೆಯ ತೋಟಿಗರಿಗೆ ಬೆಟ್ಟ ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಬ್ರಿಟಿಷರ ಕಾಲದಿಂದಲೂ ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟವನ್ನು ಬಿಟ್ಟುಕೊಟ್ಟಿದ್ದಾರೆ. ಅಲ್ಲಿಂದ ಸೊಪ್ಪು, ದರಕು (ಉದುರಿದ ಒಣ ಎಲೆ) ತರಬಹುದು, ಆದರೆ ನೆಲ ಅರಣ್ಯದ್ದೇ, ಬೇರೆಯಾಗಿ ಮಾರುವಂತಿಲ್ಲ. ಕೆನಡಾದ ಟೊರಾಂಟೊದ ಪೂರ್ವಕ್ಕೆ, ನಾನಿರುವ ಪಿಕರಿಂಗ್‌ನ ಹೊಲಗಳ ಕಥೆಯನ್ನು ಫೋನಿನಲ್ಲಿ ವಿವರಿಸಲು ಹೆಣಗುತ್ತಿದ್ದಾಗ ಅಪ್ಪಯ್ಯನೇ, "ಹಂಗಾರೆ ನಮ್ಮ ಬೆಟ್ಟ ಇದ್ದಾಂಗೆ ಆತಲೋ ತಮಾ" ಎಂದರು. ಪೂರ್ತಿ ಹಾಗಲ್ಲ, ಆದರೂ ಆ ಎಳೆ ಹಿಡಿದೇ ಹೇಳುತ್ತೇನೆ.

ಈ ಹೊಲಗಳಿಗೆ ಡಫಿನ್ಸ್ ರೂಜ್ ಕೃಷಿ ಮೀಸಲು ಪ್ರದೇಶವೆಂದು ಹೆಸರು. 1970ರ ದಶಕದಲ್ಲಿ, ಪಕ್ಕದಲ್ಲಿ ವಿಮಾನ ನಿಲ್ದಾಣ ಬರಲಿದೆ ಎಂಬ ಲೆಕ್ಕದಲ್ಲಿ, ಹೊಸ ಪಟ್ಟಣಕ್ಕಾಗಿ ಒಂಟಾರಿಯೊ ಪ್ರಾಂತ್ಯದ ಸರ್ಕಾರ ಸುತ್ತಲಿನ ರೈತರ ಜಮೀನನ್ನು ವಶಪಡಿಸಿಕೊಂಡಿತು. ನಿಲ್ದಾಣ ಬರಲೇ ಇಲ್ಲ. ರೈತರು ಸರ್ಕಾರಕ್ಕೆ ಗೇಣಿ ಕೊಟ್ಟು ಉಳುತ್ತಿದ್ದರು. 1999ರಿಂದೀಚೆಗೆ ಮೀಸಲು ಪ್ರದೇಶದ ಜಮೀನನ್ನು ಗೇಣಿದಾರರಿಗೆ ಮಾರುವಾಗ, ಶಾಶ್ವತವಾಗಿ ಬೇಸಾಯಕ್ಕೆ ಮಾತ್ರ ಬಳಸಬೇಕೆಂಬ ಕರಾರನ್ನು ಕ್ರಯಕ್ಕೆ ಅಂಟಿಸಲಾಯಿತು. ಕರಾರಿದ್ದುದರಿಂದಲೇ ಬೆಲೆ ಕಡಿಮೆ. ಮುಂದೆ ಬಹಳಷ್ಟು ಜಮೀನು ಕಟ್ಟಡ ಉದ್ಯಮಿಗಳ ಕೈಸೇರಿತು. ಬೇಸಾಯ ಮಾಡುವ ಉದ್ದೇಶ ಅವರಿಗಿರಲಿಲ್ಲ ಎಂದು ಊಹಿಸಲು ಜಾಣತನವೇನೂ ಬೇಡ. ನಗರಸಭೆ 2005ರಲ್ಲಿ ಕರಾರನ್ನು ತೆಗೆಯಹೊರಟಾಗ, ಪ್ರಾಂತ್ಯದ ಸರ್ಕಾರ ಅದೇ ವರ್ಷ ಪ್ರತ್ಯೇಕ ಕಾಯ್ದೆ ತಂದು ಅದನ್ನು ಉಳಿಸಿತು. ಟೊರಾಂಟೊ ಸುತ್ತಲಿನ ಹೊಲ, ಕಾಡು, ಜೌಗು ನೆಲವನ್ನು ಒಟ್ಟಾಗಿ ಕಾಯುವ ಗ್ರೀನ್‌ಬೆಲ್ಟ್ ಕಾಯ್ದೆ ಬಂದದ್ದೂ ಆಗಲೇ.

2022ರ ಡಿಸೆಂಬರಿನಲ್ಲಿ ಡಫಿನ್ಸ್ ರೂಜ್ ಕಾಯ್ದೆಯನ್ನು ರದ್ದುಪಡಿಸಲಾಯಿತು. ಅದಕ್ಕೆಂದು ಬೇರೆ ಮಸೂದೆಯೂ ಇರಲಿಲ್ಲ. ಮೇಯರುಗಳ ಅಧಿಕಾರ ಹೆಚ್ಚಿಸುವ ಮಸೂದೆಯೊಳಗೆ ಅನುಬಂಧವಾಗಿ ಅದನ್ನು ಸೇರಿಸಿದ್ದರು. ಜೊತೆಗೇ ಗ್ರೀನ್‌ಬೆಲ್ಟ್‌ನಿಂದ ಸುಮಾರು 7,400 ಎಕರೆ ಹೊರಬಿತ್ತು. ಅದರಲ್ಲಿ ಅರ್ಧಕ್ಕೂ ಹೆಚ್ಚು ಈ ಮೀಸಲು ಪ್ರದೇಶದ್ದು. ಹತ್ತು ವರ್ಷಗಳಲ್ಲಿ 15 ಲಕ್ಷ ಮನೆ ಕಟ್ಟಬೇಕೆಂಬುದು ಸರ್ಕಾರದ ವಾದ. ಮೊದಲ ಮೂರು ವರ್ಷ ಒಂದು ನೆಲಮಾಳಿಗೆಯಲ್ಲಿ ಬಾಡಿಗೆಗಿದ್ದ ನನಗೆ ಆ ವಾದ ಆಗ ಅಷ್ಟೇನೂ ತಪ್ಪೆನಿಸಿರಲಿಲ್ಲ. ಆದರೆ ಮನೆಗಳ ಕೊರತೆಗೆ ಜಾಗದ ಅಭಾವ ಕಾರಣವಲ್ಲವೆಂದು ಸರ್ಕಾರವೇ ನೇಮಿಸಿದ್ದ ಕಾರ್ಯಪಡೆ ಅದೇ ವರ್ಷದ ಆರಂಭದಲ್ಲೇ ಹೇಳಿತ್ತು.

2023ರ ಆಗಸ್ಟಿನಲ್ಲಿ ಪ್ರಾಂತ್ಯದ ಲೆಕ್ಕಪರಿಶೋಧಕರ ವರದಿ ಬಂತು. ಹೊರತೆಗೆದ ಜಮೀನುಗಳ ಬೆಲೆ ಸುಮಾರು 828 ಕೋಟಿ ಡಾಲರಿನಷ್ಟು ಏರಬಹುದೆಂದೂ, ಜಾಗ ಆರಿಸಿದ ರೀತಿ ಕೆಲವೇ ಉದ್ಯಮಿಗಳಿಗೆ ಅನುಕೂಲವಾಗಿತ್ತೆಂದೂ ಅದರಲ್ಲಿತ್ತು. ಸೆಪ್ಟೆಂಬರಿನಲ್ಲಿ ವಸತಿ ಸಚಿವ ಸ್ಟೀವ್ ಕ್ಲಾರ್ಕ್ ರಾಜೀನಾಮೆ ಕೊಟ್ಟರು, ಪ್ರೀಮಿಯರ್ (ನಮ್ಮ ಮುಖ್ಯಮಂತ್ರಿ ಇದ್ದಂತೆ) ಡಗ್ ಫೋರ್ಡ್ ಕ್ಷಮೆ ಕೇಳಿದರು; ಡಿಸೆಂಬರಿನಲ್ಲಿ ಡಫಿನ್ಸ್ ರೂಜ್ ಕಾಯ್ದೆ ಮರಳಿತು.

ಕೇಂದ್ರದ 2024ರ ಕರಡು ಅಧಿಸೂಚನೆ ಕರ್ನಾಟಕದ 20,668 ಚದರ ಕಿಲೋಮೀಟರ್ ಪ್ರದೇಶವನ್ನು ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶವೆಂದಾಗ ಊರಿನ ವಾಟ್ಸಾಪ್ ಗುಂಪಿನಲ್ಲಿ ನಡೆದ ಚರ್ಚೆಯನ್ನು ಇಲ್ಲಿಂದಲೇ ಓದಿದೆ. ಕೇಳದೆ ಹೇರುವ ಗೆರೆಗಳ ಬಗ್ಗೆ ನಮ್ಮವರಿಗಿರುವ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಅದೇ ಗುಂಪಿನಲ್ಲಿ, ಬೆಟ್ಟವನ್ನು ಷರತ್ತಿಲ್ಲದೆ ನಮ್ಮ ಹೆಸರಿಗೆ ಮಾಡಿಕೊಡಲಿ ಎಂಬ ಮಾತು ಬಂದಾಗ, ಹಿಂದೆ ತಲೆಯಾಡಿಸುತ್ತಿದ್ದವನು ಈಗ ಆಡಿಸಲಾರೆ. ಷರತ್ತು ಹೋದ ಮರುದಿನ ರೆಸಾರ್ಟಿನವರು ಬಂದು ಕೊಡುವ ಬೆಲೆಯ ಮುಂದೆ, ಸೊಪ್ಪು ಹೊರುವವರಿಗೆ ದುಬಾರಿ ಕೂಲಿ ಕೊಡುತ್ತಿರುವ ಎಷ್ಟು ಮನೆಗಳು ಬೇಡವೆಂದಾವು? ನಮ್ಮ ಮನೆಯೂ ಆ ಲೆಕ್ಕದೊಳಗೇ ಇದೆ.

ಇಲ್ಲಿ ಕಾಯ್ದೆ ಮರಳಿದರೂ ಕೈಬದಲಾದ ಜಮೀನು ರೈತರಿಗೆ ಮರಳಲಿಲ್ಲ. ಅಲ್ಪಾವಧಿಯ ಗೇಣಿಯಲ್ಲಿ ಉಳುವವನು ಬಸಿಗಾಲುವೆ ತೋಡಿಸುವುದಿಲ್ಲ, ಕೊಟ್ಟಿಗೆಯ ಮಾಡು ಹೊದೆಸುವುದಿಲ್ಲ. ಕಳೆದ ವಾರ ಆ ದಾರಿಯಲ್ಲಿ ಹೋದಾಗ ಜೋಳ ಆಳೆತ್ತರ ಬೆಳೆದಿತ್ತು. ಅದರಾಚೆಯ ಹಳೆಯ ಮರದ ಕೊಟ್ಟಿಗೆಯ ಒಂದು ಮಗ್ಗುಲು ಕುಸಿದಿತ್ತು.