ಗೌರಿಯ ಹಾಲು, ಪುಟ್ಟಿಯ ಹೊಟ್ಟೆ

ಪುಟ್ಟಿಗೆ ವರ್ಷ ತುಂಬಿ ಮೂರು ವಾರವಾಗಿತ್ತು. ರಾತ್ರಿ ಎರಡೂವರೆಗೆ ಅತ್ತಳೆಂದು ಎದ್ದು ಲೈಟ್ ಹಾಕಿ ಚಡ್ಡಿ ಬಿಚ್ಚಿದರೆ ಭೇದಿಯಲ್ಲಿ ಲೋಳೆ, ಲೋಳೆಯ ನಡುವೆ ದಾರದೆಳೆಯಷ್ಟು ರಕ್ತ. ಕೆನ್ನೆಯ ಮೇಲೆ, ಮೊಣಕೈ ಮಡಿಕೆಯಲ್ಲಿ ಕೆಂಪು ಗುಳ್ಳೆ. ಬೆಳಗಾಗುವವರೆಗೂ ಹೆಗಲ ಮೇಲೆ ಹಾಕಿಕೊಂಡು ನಡುಮನೆಯಲ್ಲಿ ಓಡಾಡಿದೆ.

ತಿಪಟೂರಿನ ಹತ್ತಿರದ ಹಳ್ಳಿ ನಮ್ಮದು. ಕೊಟ್ಟಿಗೆಯಲ್ಲಿ ಗೌರಿ ಅನ್ನೋ ಹಸು. ಮೊಮ್ಮಗಳಿಗೆ ವರ್ಷ ತುಂಬಲಿ ಅಂತಲೇ ಮಾವ ಕಾದಿದ್ದರು. ಹುಟ್ಟುಹಬ್ಬದ ಮಾರನೇ ದಿನದಿಂದ ಬೆಳಿಗ್ಗೆ ಹಾಲು ಕರೆದ ಕೂಡಲೇ ಒಂದು ಚೊಂಬು ಅವಳಿಗೆಂದೇ ಬೇರೆ ಎತ್ತಿಟ್ಟು, ತಾವೇ ಅಡುಗೆಮನೆಗೆ ತಂದುಕೊಡುತ್ತಿದ್ದರು.

ಹಲ್ಲು ಬರುವಾಗ ಭೇದಿ ಆಗೋದು ಇದ್ದದ್ದೇ ಅಂದರು ಅತ್ತೆ. ಸಂಜೆ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಅಮ್ಮ ಫೋನಿನಲ್ಲಿ, "ನೀನು ಕೊಡ್ತಿರೋದೆಲ್ಲ ನಂಜು ಕಣೇ, ಮೊದಲು ಬದನೆಕಾಯಿ, ಕಡಲೆಕಾಯಿ ನಿಲ್ಲಿಸು" ಅಂದಳು. ನಿಲ್ಲಿಸಿದೆ. ಆಮೇಲೆ ಯಾರೋ ಗೋಧಿ ಅಂದರು, ಇನ್ಯಾರೋ ಬಾಳೆಹಣ್ಣು ಅಂದರು. ಅವನ್ನೂ ಬಿಡಿಸಿದೆ. ಕೊನೆಗೆ ಮಗುವಿನ ತಟ್ಟೆಯಲ್ಲಿ ಉಳಿದದ್ದು ಹಾಲನ್ನ, ಮೊಸರನ್ನ, ತುಪ್ಪದನ್ನ. ಹೊಟ್ಟೆಗೆ ತಂಪು, ಇದರಿಂದ ಏನೂ ಆಗಲ್ಲ ಅಂತ ನಂಬಿ ಅದನ್ನೇ ಹೆಚ್ಚು ಹೆಚ್ಚು ತಿನ್ನಿಸಿದೆ. ಒಂದು ತಿಂಗಳಲ್ಲಿ ಅವಳ ತೂಕ 9.1 ಕಿಲೋದಿಂದ 8.6ಕ್ಕೆ ಇಳಿಯಿತು. ನಾನು ಮಾಡಿದ ದೊಡ್ಡ ತಪ್ಪು ಇದು. ಊಹೆಯ ಮೇಲೆ ಒಂದೊಂದೇ ಆಹಾರ ಕಿತ್ತುಹಾಕುತ್ತಾ ಹೋದರೆ ಮಗು ಸೊರಗುತ್ತದೆ, ಕಾರಣ ಮಾತ್ರ ಸಿಗುವುದಿಲ್ಲ.

ಮೊದಲು ತೋರಿಸಿದ ಡಾಕ್ಟರು ಸೋಂಕು ಅಂದರು. ಓಆರ್‌ಎಸ್, ಸತುವಿನ ಸಿರಪ್ ಕೊಟ್ಟರು. ನಾಲ್ಕು ದಿನ ಕಡಿಮೆ, ಐದನೇ ದಿನ ಮತ್ತೆ ಅದೇ. ಆ ನಾಲ್ಕು ದಿನ ನಾನು ಬರೀ ಗಂಜಿ ಕೊಟ್ಟಿದ್ದೆ ಅನ್ನೋದು ಆಗ ಹೊಳೆಯಲೇ ಇಲ್ಲ.

ತುಮಕೂರಿನ ಮಕ್ಕಳ ಡಾಕ್ಟರಮ್ಮ ಮಲ ಪರೀಕ್ಷೆ ಮಾಡಿಸಿದರು, ಸೋಂಕು ಕಾಣಲಿಲ್ಲ. ನನ್ನ ಮಾತೆಲ್ಲ ಕೇಳಿ, "ನೆನಪಿನಿಂದ ಹೇಳಬೇಡಮ್ಮ. ಬಿಡಿಸಿದ್ದನ್ನೆಲ್ಲ ಮತ್ತೆ ಕೊಡು, ಹತ್ತು ದಿನ ಬರಕೊಂಡು ಬಾ" ಅಂದರು. ಇನ್ನೂರು ಪುಟದ ನೋಟ್‌ಬುಕ್ ತಂದು ಗೀಟು ಹಾಕಿದೆ. ಏನು ತಿಂದಳು, ಎಷ್ಟು ಹೊತ್ತಿಗೆ, ಮಲ ಹೇಗಿತ್ತು, ಚರ್ಮ ಹೇಗಿತ್ತು.

ಆರನೇ ದಿನ ಗೌರಿಗೆ ಕೆಚ್ಚಲು ಬಾವು ಬಂತು. ಆ ಹಾಲು ಮಗುವಿಗೆ ಕೊಡುವ ಹಾಗಿಲ್ಲ. ಪ್ಯಾಕೆಟ್ ಹಾಲಿಗೆ ಮಾವ ಒಪ್ಪಲಿಲ್ಲ. ಮನೆಯಲ್ಲಿದ್ದ ಮೊಸರೂ ಅವತ್ತಿಗೇ ಮುಗಿಯಿತು. ರಾಗಿ ಸರಿ, ಬೇಳೆ ಕಟ್ಟು, ಬಾಳೆಹಣ್ಣಿನಲ್ಲೇ ಮೂರು ದಿನ ಕಳೆಯಿತು. ಮೂರನೇ ದಿನ 'ಮಲ ಗಟ್ಟಿ, ಕೆನ್ನೆ ತಿಳಿ' ಅಂತ ಬರೆದೆ. ಅವಳು ರಾತ್ರಿಯಿಡೀ ಮಲಗಿದಳು. ಹತ್ತನೇ ದಿನ ಪಕ್ಕದ ಮನೆಯವರು ಹಾಲು ಕೊಟ್ಟರು. ಎರಡನೇ ದಿನ ಮತ್ತೆ ಲೋಳೆ. ಸಾಲುಗಳ ಮೇಲೆ ಬೆರಳಿಟ್ಟು ನೋಡುತ್ತಾ ಕೂತೆ. ಹಿಂದಕ್ಕೆ ಯೋಚಿಸಿದರೆ, ಎಂಟನೇ ತಿಂಗಳಲ್ಲಿ ಮೊಸರು ಶುರು ಮಾಡಿದಾಗಲೇ ಕೆನ್ನೆ ಕೆಂಪಾಗಿತ್ತು. ಜೊಲ್ಲಿನಿಂದ ಅಂದುಕೊಂಡಿದ್ದೆ.

ಹಸುವಿನ ಹಾಲಿನ ಪ್ರೋಟೀನು ಇವಳಿಗೆ ಒಗ್ಗುತ್ತಿರಲಿಕ್ಕಿಲ್ಲ ಅಂದರು ಡಾಕ್ಟರಮ್ಮ. ಹಾಲಿನ ಸಕ್ಕರೆ, ಅಂದರೆ ಲ್ಯಾಕ್ಟೋಸ್, ಅರಗದಿದ್ದರೆ ಭೇದಿ, ಹೊಟ್ಟೆಯುಬ್ಬರ ಆಗಬಹುದು, ಆದರೆ ಮೈಮೇಲೆ ಗುಳ್ಳೆ, ಮಲದಲ್ಲಿ ರಕ್ತ ಅದರ ಲಕ್ಷಣವಲ್ಲ. ಹಾಗಾಗಿ ಲ್ಯಾಕ್ಟೋಸ್ ತೆಗೆದ ಹಾಲು ತಂದರೆ ಪ್ರಯೋಜನವಿಲ್ಲ. ಮೇಕೆ ಹಾಲು, ಎಮ್ಮೆ ಹಾಲಿನ ಪ್ರೋಟೀನೂ ಬಹಳಷ್ಟು ಇದನ್ನೇ ಹೋಲುತ್ತದೆ. ನಾಟಿ ಹಸುವಿನದಾದರೂ ಅಷ್ಟೇ. ಕುಡಿದ ಕೂಡಲೇ ಗಂಧೆ ಏಳುವುದು, ತುಟಿ ಊದುವುದು, ಉಸಿರು ಕಟ್ಟುವುದು ಇನ್ನೊಂದು ಬಗೆ. ಹಾಗಾದರೆ ಮನೆಮದ್ದು ಮಾಡುತ್ತಾ ಕೂರದೆ ನೇರ ಆಸ್ಪತ್ರೆಗೆ ಓಡಬೇಕು. ಪುಟ್ಟಿಯದು ತಡವಾಗಿ, ಗಂಟೆಗಳು, ದಿನಗಳು ಕಳೆದು ತೋರುವ ಬಗೆ. ಇದು ರಕ್ತಪರೀಕ್ಷೆಯಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ. ನಾದಿನಿ ವಾಟ್ಸಾಪಿನಲ್ಲಿ ಕಳಿಸಿದ್ದ, ಒಂದೇ ಹನಿ ರಕ್ತದಲ್ಲಿ ನೂರಾರು ಆಹಾರದ ಐಜಿಜಿ (ರಕ್ತದಲ್ಲಿರುವ ಒಂದು ಬಗೆಯ ಪ್ರತಿಕಾಯ) ಪರೀಕ್ಷೆಯ ಜಾಹೀರಾತು ತೋರಿಸಿದೆ. ಅದು ಆ ಆಹಾರ ತಿಂದಿದ್ದಾಳೆ ಅನ್ನುವುದನ್ನು ಹೇಳಬಹುದೇ ಹೊರತು ಅಲರ್ಜಿಯನ್ನಲ್ಲ ಅಂದರು. ನಾಲ್ಕು ವಾರ ಹಾಲು ಪೂರ್ತಿ ನಿಲ್ಲಿಸಿ ನೋಡುವುದು, ಆಮೇಲೆ ಅವರು ಹೇಳಿದಾಗ ಹೇಳಿದಷ್ಟು ಕೊಟ್ಟು ನೋಡುವುದು. ಅದೇ ಪರೀಕ್ಷೆ.

ಅವತ್ತು ಸಂಜೆ ಮಾವನಿಗೆ ಹೇಳಬೇಕಿತ್ತು. ಜಗಲಿ ಮೇಲೆ ಕೂತಿದ್ದರು. ನೋಟ್‌ಬುಕ್ ತೆರೆದು ಒಂದೊಂದೇ ದಿನ ಓದಿದೆ. ಕೆಚ್ಚಲು ಬಾವಿನ ಮೂರು ದಿನ ಬಂದಾಗ, "ಇನ್ನೊಂದ್ಸಲ ಓದಮ್ಮ" ಅಂದರು. ಓದಿದೆ. "ನಾನೇ ತಂದು ತಂದು ಕೊಟ್ನಲ್ಲ" ಅಂದರು. ನನ್ನ ಗಂಟಲು ಕಟ್ಟಿತು. "ನಿಮ್ಮ ತಪ್ಪಿಲ್ಲ ಮಾವ, ಹಾಲಿನದೂ ತಪ್ಪಿಲ್ಲ, ಅವಳ ಮೈಗೆ ಈಗ ಆಗ್ತಿಲ್ಲ ಅಷ್ಟೇ" ಅಂದೆ. ಅವರು ಎದ್ದು ಕೊಟ್ಟಿಗೆಗೆ ಹೋದರು.

ಗೌರಿ ಹುಷಾರಾಗಿದ್ದರೂ ಮಾರನೇ ದಿನ ಚೊಂಬು ಅಡುಗೆಮನೆಗೆ ಬರಲಿಲ್ಲ. ಆ ಹಾಲೂ ಡೇರಿಗೆ ಹೋಯಿತು. ಮಧ್ಯಾಹ್ನ ನೋಡಿದರೆ ಮಾವ ರಾಗಿ ನೆನೆಹಾಕಿದ್ದಾರೆ. ತಾವೇ ಬಟ್ಟೆಯಲ್ಲಿ ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಮಿಲ್ಲಿಗೆ ಒಯ್ದು ಬೀಸಿಸಿ ತಂದರು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ ಅಂತ ಡಾಕ್ಟರಮ್ಮ ಹೇಳಿದ್ದನ್ನು ಬಂದವರಿಗೆಲ್ಲ ಹೇಳಿದರು. ಜೊತೆಗೆ ಕ್ಯಾಲ್ಸಿಯಂ ಸಿರಪ್ಪೂ ಇತ್ತು.

ನಮ್ಮಂಥ ಮನೆಯಲ್ಲಿ ಹಾಲು ಬಿಡಿಸುವುದೆಂದರೆ ಮಜ್ಜಿಗೆ, ಬೆಣ್ಣೆ, ತುಪ್ಪ, ದೇವರ ಪ್ರಸಾದದ ಪೇಡ ಎಲ್ಲ ಬಿಡಿಸುವುದು. ತುಪ್ಪದ ವಿಷಯದಲ್ಲಿ ಅತ್ತೆಗೂ ನನಗೂ ಎರಡು ದಿನ ಮಾತಿರಲಿಲ್ಲ. ಪ್ಯಾಕೆಟ್ಟಿನ ಹಿಂದೆ ಸಣ್ಣಕ್ಷರದಲ್ಲಿ ಹಾಲು ಇದೆ ಅಂತ ಬರೆದಿರುವುದನ್ನು ಓದಲು ಕಲಿತೆ. ಬೇಕರಿಯ ಬಿಡಿ ಬಿಸ್ಕತ್ತಿಗೆ ಆ ಚೀಟಿಯೂ ಇರುವುದಿಲ್ಲ. ಎರಡನೇ ವಾರ ನೆಂಟರೊಬ್ಬರು ಕೊಟ್ಟ ರಸ್ಕ್‌ನಿಂದ ಕೆನ್ನೆ ಮತ್ತೆ ಕೆಂಪಾಯಿತು. ನಾಲ್ಕು ವಾರದ ಕೊನೆಗೆ ತೂಕ 9 ಕಿಲೋ. ಡಾಕ್ಟರಮ್ಮ ಹೇಳಿದಷ್ಟೇ ಹಾಲು ಕೊಟ್ಟು ನೋಡಿದೆವು. ಎರಡನೇ ದಿನ ಲೋಳೆ ಬಂತು. ಮತ್ತೆ ನಿಲ್ಲಿಸಿದೆವು. ಹೆಚ್ಚಿನ ಮಕ್ಕಳಿಗೆ ಬೆಳೆಯುತ್ತಾ ಇದು ಹೋಗುತ್ತದೆ ಅಂದಿದ್ದರು.

ಈಗ ಅವಳಿಗೆ ಇಪ್ಪತ್ತೊಂದು ತಿಂಗಳು. ಚೆನ್ನಾಗಿ ಬೆಂದ ಪದಾರ್ಥದಲ್ಲಿರುವ ಹಾಲಿನಿಂದ ಶುರು ಮಾಡಿ ಅಂದಿದ್ದಾರೆ. ಹೋದ ಸೋಮವಾರ ಹಾಲು ಹಾಕಿದ ಬಿಸ್ಕತ್ತಿನ ಕಾಲು ತುಂಡು ಕೊಟ್ಟೆ. ಮಂಗಳವಾರ, ಬುಧವಾರ, ಗುರುವಾರದ ಸಾಲುಗಳಲ್ಲಿ 'ಏನಿಲ್ಲ' ಅಂತ ಬರೆದಿದ್ದೇನೆ. ಶುಕ್ರವಾರ ಬೆಳಿಗ್ಗೆ ಹಾಲು ಕರೆದು ಬಂದ ಮಾವ, "ಹೆಂಗವ್ಳಮ್ಮ?" ಅಂದರು.

"ಚೆನ್ನಾಗಿದ್ದಾಳೆ ಮಾವ."

ಅಂಗಿ ಜೇಬಿನಿಂದ ಕಾಗದದಲ್ಲಿ ಸುತ್ತಿದ ಬಿಸ್ಕತ್ತು ತೆಗೆದರು. "ಇನ್ನೊಂದ್ ಚೂರು ಕೊಡ್ಲಾ?"

"ಸೋಮವಾರದವರೆಗೂ ಕಾಯಬೇಕಂತೆ."

"ಆಗ್ಲಿ" ಅಂದು ಮತ್ತೆ ಸುತ್ತಿ ಜೇಬಿಗಿಟ್ಟುಕೊಂಡು, ಪುಟ್ಟಿಯನ್ನು ಎತ್ತಿಕೊಂಡು ಗೌರಿಗೆ ಹುಲ್ಲು ಹಾಕಲು ಹೋದರು.